ಎದ್ದಿದ್ದಾನೆ

ಕನ್ನಡದ ಮನೆಗಳಲ್ಲಿ ಬೆಳಗಿನ ಮೊದಲ ಮಾತು ಬಹುಪಾಲು ಒಂದೇ: ಏಳು. ಏಳೋ, ಏಳಮ್ಮ, ಏಳಿ, ಎದ್ದೇಳಿ. ಮಲಗಿದವರು ಏಳುತ್ತಾರೆ, ಕೂತವರು ಏಳುತ್ತಾರೆ, ಎಡವಿ ಬಿದ್ದ ಮಗು ಮೊಣಕಾಲು ಒರೆಸಿಕೊಂಡು ಏಳುತ್ತದೆ. ಉಂಡವರು ಎಲೆಯ ಮುಂದಿನಿಂದ ಏಳುತ್ತಾರೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದವರು ಸುಧಾರಿಸಿಕೊಂಡರೆ 'ಅಂತೂ ಎದ್ದರಪ್ಪ' ಎಂದು ಊರೇ ಉಸಿರು ಬಿಡುತ್ತದೆ. ಗಾಳಿ ಏಳುತ್ತದೆ, ಧೂಳು ಏಳುತ್ತದೆ, ಜನ ದಂಗೆ ಏಳುತ್ತಾರೆ. ಬದುಕಿನ ಏರಿಳಿತಕ್ಕೆ ನಾವಿಟ್ಟ ಹೆಸರು ಏಳುಬೀಳು. ಯಾರಾದರೂ ಚೆನ್ನಾಗಿ ಬಾಳಲಿ ಎಂದು ಹಾರೈಸುವಾಗ ಏಳಿಗೆಯಾಗಲಿ ಎನ್ನುತ್ತೇವಲ್ಲ, ಅದೂ ಇದೇ ಬೇರಿನ ಚಿಗುರು.

ಕ್ರೈಸ್ತ ನಂಬಿಕೆಯ ಅತಿ ದೊಡ್ಡ ಮಾತು ನಿಂತಿರುವುದು ಈ ಪುಟ್ಟ ಕ್ರಿಯಾಪದದ ಮೇಲೆ. ಪ್ರಸಂಗದಲ್ಲಿ, ಧರ್ಮೋಪದೇಶದ ಪುಸ್ತಕದಲ್ಲಿ ಬರುವ ಪದ ಪುನರುತ್ಥಾನ. ಆದರೆ ಈಸ್ಟರ್ ಬೆಳಿಗ್ಗೆ ಗುಡಿಯ ಬಾಗಿಲಲ್ಲಿ ಒಬ್ಬರನ್ನೊಬ್ಬರು ಎದುರುಗೊಂಡಾಗ ಕ್ರಿಸ್ತನು ಎದ್ದಿದ್ದಾನೆ ಎಂದು ಒಬ್ಬರು ಹೇಳಿದರೆ, ನಿಜವಾಗಿಯೂ ಎದ್ದಿದ್ದಾನೆ ಎಂದು ಇನ್ನೊಬ್ಬರು ಉತ್ತರ ಕೊಡುತ್ತಾರೆ. ಹಬ್ಬದ ಜೀವ ಇರುವುದು ಆ ಕ್ರಿಯಾಪದದಲ್ಲಿ. ನಂಬುವವರಲ್ಲಿ ಒಬ್ಬರಾಗಿ ನನಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಮನಸ್ಸು ತುಂಬುತ್ತದೆ. ಸಾವಿನ ಎದುರು ಹೇಳಬೇಕಾದ ಮಾತನ್ನು ಅಡುಗೆಮನೆಯ ಭಾಷೆಯಲ್ಲೇ ಹೇಳಬಹುದು ಎಂಬ ಧೈರ್ಯ ಅದರಲ್ಲಿದೆ.

ಈ ಧೈರ್ಯ ಸುವಾರ್ತೆಗಳದ್ದೇ. ಗ್ರೀಕಿನ ಹೊಸ ಒಡಂಬಡಿಕೆಯಲ್ಲಿ ಯೇಸು ಎದ್ದದ್ದನ್ನು ಹೇಳಲು ಮುಖ್ಯವಾಗಿ ಎರಡು ಕ್ರಿಯಾಪದಗಳು ಬರುತ್ತವೆ. ಎಗೈರೊ ಎಂದರೆ ನಿದ್ದೆಯಿಂದ ಎಬ್ಬಿಸು. ಅನಿಸ್ತೇಮಿ ಎಂದರೆ ಎದ್ದು ನಿಲ್ಲು, ಇಲ್ಲವೇ ಎತ್ತಿ ನಿಲ್ಲಿಸು. ಅನಾಸ್ತಾಸಿಸ್ ಎಂಬ ನಾಮಪದ ಹುಟ್ಟಿದ್ದು ಈ ಎರಡನೆಯದರಿಂದ. ಎರಡೂ ದಿನಬಳಕೆಯ ಮಾತುಗಳು. ನಮ್ಮ 'ಏಳು' ಆ ಎರಡರ ಕೆಲಸವನ್ನೂ ಒಂದೇ ಉಸಿರಿನಲ್ಲಿ ಮಾಡುತ್ತದೆ.

ಮಾರ್ಕನ ಸುವಾರ್ತೆಯನ್ನು ಈ ಒಂದು ಪದದ ಬೆನ್ನು ಹತ್ತಿ ಓದಿ ನೋಡಬೇಕು. ಮೊದಲ ಅಧ್ಯಾಯದಲ್ಲೇ ಸೀಮೋನನ ಅತ್ತೆ ಜ್ವರದಿಂದ ಮಲಗಿದ್ದಾಳೆ. ಯೇಸು ಹತ್ತಿರ ಹೋಗಿ ಆಕೆಯ ಕೈಹಿಡಿದು ಎಬ್ಬಿಸುತ್ತಾನೆ. ಆಕೆ ಎದ್ದು ಮನೆಗೆ ಬಂದವರನ್ನು ಉಪಚರಿಸುತ್ತಾಳೆ. ಮುಂದೆ ಪಾರ್ಶ್ವವಾಯು ಬಡಿದವನಿಗೆ ಎದ್ದು ಹಾಸಿಗೆ ಹೊತ್ತುಕೊಂಡು ಹೋಗು ಎಂಬ ಮಾತು. ಯಾಯೀರನ ಹನ್ನೆರಡು ವರ್ಷದ ಮಗಳು ತೀರಿಕೊಂಡಾಗ ಮನೆತುಂಬ ಗೋಳಾಟ. ಯೇಸು ಆ ಮಗುವಿನ ಕೈ ಹಿಡಿದು ಅವಳ ಮನೆಮಾತಾದ ಅರಾಮಿಕ್‌ನಲ್ಲಿ 'ಕೂಮ್' ಎನ್ನುತ್ತಾನೆ. ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವಾಗ ತಾಯಂದಿರು ಹೇಳಬಹುದಾದ ಮಾತು ಅದು. ಗ್ರೀಕಿನಲ್ಲಿ ಬರೆದ ಮಾರ್ಕ ಆ ಅರಾಮಿಕ್ ಸದ್ದನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲೇ ಅರ್ಥ ಕೊಟ್ಟಿದ್ದಾನೆ. ಹುಡುಗಿಗೆ ಏನಾದರೂ ತಿನ್ನಲು ಕೊಡಿ ಎಂದು ಯೇಸು ಹೇಳುವುದೂ ಅಲ್ಲೇ. ಕೊನೆಯ ಅಧ್ಯಾಯದಲ್ಲಿ ನಸುಕಿಗೇ ಸುಗಂಧದ್ರವ್ಯ ಹಿಡಿದು ಸಮಾಧಿಗೆ ಬಂದ ಹೆಂಗಸರಿಗೆ, ನೀವು ಹುಡುಕುವಾತ ಎದ್ದಿದ್ದಾನೆ, ಇಲ್ಲಿಲ್ಲ ಎಂಬ ಸುದ್ದಿ ಸಿಗುತ್ತದೆ. ಅಲ್ಲಿ ಬಳಕೆಯಾಗಿರುವುದು ಅತ್ತೆಯ ಜ್ವರದ ಕಥೆಯಲ್ಲಿದ್ದ ಅದೇ ಎಗೈರೊ. ಅಂದರೆ ಜ್ವರ, ಲಕ್ವ, ಮಗುವಿನ ಸಾವು ಎಲ್ಲವನ್ನೂ ದಾಟುತ್ತ ಈ ಪದ ಸಮಾಧಿಯ ತನಕ ಬಂದಿದೆ. ನಮ್ಮ ಊರಿನವರು 'ಜ್ವರದಿಂದ ಎದ್ದಳು' ಎನ್ನುವಾಗ ಅವರಿಗೆ ಗೊತ್ತಿಲ್ಲದೆಯೇ ಮಾರ್ಕನ ನುಡಿಗಟ್ಟನ್ನು ಆಡುತ್ತಿರುತ್ತಾರೆ.

ಹಾಗೆಂದು ಪುನರುತ್ಥಾನವನ್ನು ಹಳಿಯಲಾರೆ. ಉತ್ಥಾನ ಎಂಬ ಪದ ಕನ್ನಡದ ಅಂಗಳಕ್ಕೆ ಹೊಸತಲ್ಲ. ಕಾರ್ತಿಕ ಶುದ್ಧ ದ್ವಾದಶಿಯಂದು ತುಳಸಿಕಟ್ಟೆಗೆ ನೆಲ್ಲಿಕೊಂಬೆ ನೆಟ್ಟು ದೀಪ ಹಚ್ಚುವ ಹಬ್ಬವೇ ಉತ್ಥಾನ ದ್ವಾದಶಿ. ನಾಲ್ಕು ತಿಂಗಳ ಯೋಗನಿದ್ರೆಯಿಂದ ವಿಷ್ಣು ಏಳುವ ಹೊತ್ತು. ಆ ಮನೆಯ ಭಕ್ತಿಯೇ ಬೇರೆ, ಈ ಮನೆಯ ನಂಬಿಕೆಯೇ ಬೇರೆ. ಯೇಸುವಿನದು ನಿದ್ರೆಯಲ್ಲ, ಸಾವು. ಆದರೂ ಉತ್ಥಾನ ಎಂದರೆ ಎಚ್ಚೆತ್ತು ಏಳುವುದು ಎಂಬ ಅರ್ಥ ನಮ್ಮ ಕಿವಿಯಲ್ಲಿ ಮೊದಲೇ ಇತ್ತು ಎಂಬುದು ಸಣ್ಣ ಸಂಗತಿಯಲ್ಲ. ತೊಡಕು ಇರುವುದು 'ಪುನರ್' ಎಂಬಲ್ಲಿ. ಅದನ್ನು ಕೇಳಿದ ಕೂಡಲೇ ನಮ್ಮ ಮನಸ್ಸು ಪುನರ್ಜನ್ಮದ ಕಡೆಗೆ ವಾಲುತ್ತದೆ. ಕ್ರೈಸ್ತರು ಹೇಳುತ್ತಿರುವುದು ಇನ್ನೊಂದು ಹುಟ್ಟಿನ ಮಾತನ್ನಲ್ಲ, ಬಿಟ್ಟುಹೋದ ಬದುಕಿಗೆ ಮರಳಿದ ಮಾತನ್ನೂ ಅಲ್ಲ. ತಮಿಳು, ಮಲಯಾಳದ ಕ್ರೈಸ್ತರು ಈ ಹಬ್ಬಕ್ಕೆ ಉಯಿರ್ಪು ಎನ್ನುತ್ತಾರೆ. ಆ ಉಯಿರ್ ನಮ್ಮ ಉಸಿರಿನ ಬಂಧು. ಅವರ ಭಾಗ್ಯ ಕಂಡು ನನಗೆ ಆಸೆಯಾಗುತ್ತದೆ.

ನಮಗೂ ಒಂದು ಭಾಗ್ಯವಿದೆ, ಅದು ವ್ಯಾಕರಣದಲ್ಲಿದೆ. 'ಎದ್ದ' ಎನ್ನುವುದಕ್ಕೂ 'ಎದ್ದಿದ್ದಾನೆ' ಎನ್ನುವುದಕ್ಕೂ ಇರುವ ವ್ಯತ್ಯಾಸ ಕನ್ನಡದ ಮಗುವಿಗೂ ಗೊತ್ತು. ಎದ್ದ ಎಂದರೆ ಆಗ ಎದ್ದ, ಆಮೇಲೆ ಮತ್ತೆ ಮಲಗಿರಲೂಬಹುದು. ಎದ್ದಿದ್ದಾನೆ ಎಂದರೆ ಈಗಲೂ ಎದ್ದೇ ಇದ್ದಾನೆ, ಹೋದರೆ ಮಾತಾಡಿಸಬಹುದು. ಬೇಥಾನ್ಯದ ಲಾಜರ ಎದ್ದ. ನಾಲ್ಕು ದಿನ ಸಮಾಧಿಯಲ್ಲಿದ್ದವನು ಕೈಕಾಲಿಗೆ ಸುತ್ತಿದ ಬಟ್ಟೆಯ ಸಮೇತ ಹೊರಬಂದ. ಅವನನ್ನೂ ಕೊಲ್ಲಬೇಕು ಎಂದು ಮಹಾಯಾಜಕರು ಆಲೋಚಿಸಿದರು ಎಂದು ಯೋಹಾನ ಬರೆಯುತ್ತಾನೆ. ಅಂದರೆ ಲಾಜರ ಸಾಯಬಲ್ಲವನಾಗಿಯೇ ಉಳಿದ. ಯೇಸುವಿನ ಸಮಾಧಿಯಲ್ಲಾದರೋ ಸುತ್ತಿದ ಬಟ್ಟೆ ಅಲ್ಲೇ ಬಿದ್ದಿತ್ತು, ತಲೆಗೆ ಕಟ್ಟಿದ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತು. ಲಾಜರನಿಗೆ ಆ ಬಟ್ಟೆ ಮತ್ತೆ ಬೇಕಾಗುತ್ತದೆ. ಯೇಸುವಿಗೆ ಬೇಕಿಲ್ಲ. ಪೌಲ ಸುಮಾರು ಕ್ರಿ.ಶ. 54ರ ಹೊತ್ತಿಗೆ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ತಾನು ಹಿರಿಯರಿಂದ ಪಡೆದ ನಂಬಿಕೆಯ ಸಾರವನ್ನು ನಾಲ್ಕು ಕ್ರಿಯಾಪದಗಳಲ್ಲಿ ಇಡುತ್ತಾನೆ: ಸತ್ತದ್ದು, ಹೂಳಿದ್ದು, ಎದ್ದದ್ದು, ಕಾಣಿಸಿಕೊಂಡದ್ದು. ಗ್ರೀಕಿನಲ್ಲಿ ಮೂರು ಕ್ರಿಯಾಪದಗಳು ಮುಗಿದುಹೋದ ಕಾಲದವು. ಏಳುವ ಕ್ರಿಯಾಪದ ಮಾತ್ರ ಇಂದಿಗೂ ಮುಂದುವರಿದಿರುವ ಸ್ಥಿತಿಯನ್ನು ಹೇಳುವ ರೂಪದಲ್ಲಿದೆ. ಅದಕ್ಕೆ ಕನ್ನಡದ 'ಎದ್ದಿದ್ದಾನೆ' ಅಳೆದು ಹೊಲಿದಂತೆ ಕೂಡುತ್ತದೆ.

ಆದರೆ ಏಳಬೇಕಾದರೆ ಮೊದಲು ಬಿದ್ದಿರಬೇಕು. ಕನ್ನಡದ ಕಥೋಲಿಕರು ಯೇಸು ಪಟ್ಟ ಯಾತನೆಗೆ ಪಾಡು ಎನ್ನುತ್ತಾರೆ. ನಾಯಿಪಾಡು, ಹೊಟ್ಟೆಪಾಡು ಎನ್ನುವಾಗ ಬರುವ ಅದೇ ಪಾಡು. ರೋಮನರು ದಾಸರಿಗೂ ದಂಗೆಕೋರರಿಗೂ ಮೀಸಲಿಟ್ಟಿದ್ದ ಶಿಕ್ಷೆ ಶಿಲುಬೆ. ಊರ ಹೊರಗೆ, ಹಾದುಹೋಗುವವರೆಲ್ಲ ನೋಡುವ ಹಾಗೆ, ಬೆತ್ತಲಾಗಿ ಸಾಯಿಸುವ ಶಿಕ್ಷೆ. ಈ ಸಾವು ಯಾಕಾಗಿ ಎಂದು ಸಭೆ ಎರಡು ಸಾವಿರ ವರ್ಷಗಳಿಂದ ಧ್ಯಾನಿಸುತ್ತ ಬಂದಿದೆ. ಮನುಷ್ಯ ತೀರಿಸಲಾರದ ಋಣವನ್ನು ದೇವರೇ ಮನುಷ್ಯನಾಗಿ ತೀರಿಸಿದ ಎಂದು ಕ್ಯಾಂಟರ್ಬರಿಯ ಅನ್ಸೆಲ್ಮ್ 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ವಾದಿಸಿದ. ಅದಕ್ಕಿಂತ ಹಳೆಯ ಆಲೋಚನೆಯೊಂದಿದೆ: ಸಾವಿನ ಕೋಟೆಯೊಳಗೆ ಕ್ರಿಸ್ತ ಸಾವಿನ ಬಾಗಿಲಿನಿಂದಲೇ ನುಗ್ಗಿ ಅದನ್ನು ಒಳಗಿನಿಂದ ಮುರಿದ ಎಂಬುದು. ನನ್ನ ಮನಸ್ಸು ಎರಡನೆಯದರ ಕಡೆಗೆ ಒಲಿಯುತ್ತದೆ. ಮೊದಲನೆಯದರಲ್ಲಿ ಲೆಕ್ಕ ಸರಿಯಾಗುತ್ತದೆ, ಶಿಲುಬೆಯಲ್ಲೇ ಎಲ್ಲ ಮುಗಿಯುತ್ತದೆ, ಭಾನುವಾರ ಬೆಳಿಗ್ಗೆಗೆ ಉಳಿಯುವ ಕೆಲಸ ಕಡಿಮೆ. ಎರಡನೆಯದರಲ್ಲಿ ಶುಕ್ರವಾರ ಇಲ್ಲದೆ ಭಾನುವಾರ ಇಲ್ಲ, ಭಾನುವಾರ ಇಲ್ಲದೆ ಶುಕ್ರವಾರಕ್ಕೆ ಅರ್ಥವಿಲ್ಲ.

ಕನ್ನಡ ಸಾಹಿತ್ಯ ಯೇಸುವನ್ನು ಪ್ರೀತಿಯಿಂದ ಬರಮಾಡಿಕೊಂಡಿತು. ಕಿಟೆಲ್ 1862ರಲ್ಲೇ 'ಕಥಾಮಾಲೆ'ಯಲ್ಲಿ ಅವನ ಕಥೆಯನ್ನು ದೇಶೀ ಛಂದಸ್ಸಿಗೆ ಇಳಿಸಿದರು. ಗೋವಿಂದ ಪೈಗಳು ಅವನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯವಾಗಿಸಿದರು. ಆದರೆ ಚರ್ಚಿನ ಹೊರಗಿನ ಕನ್ನಡ ಮನಸ್ಸಿಗೆ ಹತ್ತಿರವಾದದ್ದು ಶಿಲುಬೆಯ ಮೇಲಿನ ಕರುಣಾಮೂರ್ತಿಯೇ ಎಂದು ನನಗೆ ಅನಿಸುತ್ತದೆ. ಎದ್ದವನು ಚರ್ಚಿನೊಳಗೇ ಉಳಿದ. ಎದ್ದವನ ಮೈಮೇಲೆ ಮೊಳೆಯ ಗಾಯಗಳು ಹಾಗೆಯೇ ಇದ್ದವು, ಅವುಗಳನ್ನೇ ತೋಮನಿಗೆ ತೋರಿಸಿದ ಎಂಬ ಯೋಹಾನನ ಮಾತನ್ನು ನೆನೆದರೆ ಈ ಎರಡು ಚಿತ್ರಗಳನ್ನು ಬೇರೆ ಮಾಡಲಾಗುವುದಿಲ್ಲ. ಎದ್ದರೂ ಪಾಡು ಅಳಿಸಿಹೋಗಲಿಲ್ಲ. ತುಂಬ ನೋವುಂಡ ವಿಶ್ವಾಸಿಗಳು ಹಿಡಿದುಕೊಳ್ಳುವುದು ಈ ಗಾಯವುಳ್ಳ ಕೈಯನ್ನೇ.

ಇನ್ನು ಎಬ್ಬಿಸು. ಈ ರೂಪಕ್ಕೆ ಇಬ್ಬರು ಬೇಕು. ಹೊಸ ಒಡಂಬಡಿಕೆ ಹೆಚ್ಚಾಗಿ ಹೇಳುವುದು ದೇವರು ಯೇಸುವನ್ನು ಎಬ್ಬಿಸಿದ ಎಂದು. ಅದು ಅಲ್ಲಿಗೇ ನಿಲ್ಲುವುದಿಲ್ಲ, ಎಬ್ಬಿಸಲ್ಪಟ್ಟವನು ಎಬ್ಬಿಸುವವನಾಗುತ್ತಾನೆ. ಪೂರ್ವದ ಸಭೆಗಳ ಚಿತ್ರಕಾರರು ಇದನ್ನು ಚೆನ್ನಾಗಿ ಬಲ್ಲವರು. ಇಸ್ತಾಂಬುಲ್‌ನ ಖೋರಾ ಎಂಬ ಹಳೆಯ ಚರ್ಚಿನ ಪಕ್ಕದ ಚಾಪೆಲ್‌ನಲ್ಲಿ 1315ರಿಂದ 1321ರ ನಡುವೆ ಬರೆದ ಭಿತ್ತಿಚಿತ್ರವೊಂದಿದೆ. ಹೆಸರು ಅನಾಸ್ತಾಸಿಸ್. ಅದರಲ್ಲಿ ಯೇಸು ತನ್ನ ಸಮಾಧಿಯಿಂದ ಒಬ್ಬನೇ ಹೊರಬರುವ ದೃಶ್ಯವಿಲ್ಲ. ಬಿಳಿಯ ಉಡುಪಿನ ಕ್ರಿಸ್ತ ಕಾಲಗಲಿಸಿ ನಿಂತು ಒಂದು ಕೈಯಿಂದ ಆದಾಮನನ್ನೂ ಇನ್ನೊಂದರಿಂದ ಹವ್ವಳನ್ನೂ ಅವರವರ ಗೋರಿಯಿಂದ ಎಳೆದು ಎಬ್ಬಿಸುತ್ತಿದ್ದಾನೆ. ಅವನ ಕಾಲಡಿಯಲ್ಲಿ ಮುರಿದ ಬಾಗಿಲು, ಚೆಲ್ಲಾಪಿಲ್ಲಿಯಾದ ಬೀಗ ಅಗುಳಿಗಳು. ಹಿಡಿದಿರುವುದು ಅವರ ಅಂಗೈಯನ್ನಲ್ಲ, ಮಣಿಕಟ್ಟನ್ನು. ಅವರಿಗೆ ಹಿಡಿದುಕೊಳ್ಳುವ ಶಕ್ತಿಯೂ ಉಳಿದಿಲ್ಲ, ಎಳೆಯುವವನ ಬಲವೇ ಸಾಕು. ಆ ಚಾಪೆಲ್ ಇದ್ದದ್ದು ಸತ್ತವರನ್ನು ಹೂಳುವುದಕ್ಕೆ. ಸೀಮೋನನ ಅತ್ತೆಯ ಕೈ ಹಿಡಿದವನು ಇಲ್ಲಿ ಮನುಕುಲದ ಮೂಲ ತಂದೆತಾಯಿಯ ಕೈ ಹಿಡಿದಿದ್ದಾನೆ.

ಏಳು ಎಂಬ ಮಾತಿನ ಜೋಡಿ ಮಲಗು. ಬೆಂಗಳೂರಿನವರು ಸಿಮೆಟ್ರಿ ಎನ್ನುತ್ತಾರಲ್ಲ, ಅದು ಗ್ರೀಕಿನ ಕೊಯ್ಮೆತೀರಿಯೊನ್, ಅಂದರೆ ಮಲಗುವ ಕೋಣೆ. ಹೂಳುವ ಜಾಗಕ್ಕೆ ಆ ಹೆಸರು ಅಂಟಿದ್ದು ಆದಿ ಕ್ರೈಸ್ತರಿಂದ. ನಮ್ಮ ಸಭೆಗಳ ಮರಣವಾರ್ತೆಯಲ್ಲೂ ಕರ್ತನಲ್ಲಿ ನಿದ್ರೆಹೋದರು ಎಂದು ಬರೆಯುವ ರೂಢಿಯುಂಟು. ಇದು ಸಾವನ್ನು ಮೆತ್ತಗೆ ಮಾಡಿ ಹೇಳುವ ಸಭ್ಯತೆಯಷ್ಟೇ ಅಲ್ಲ. ಮಲಗಿದವರನ್ನು ಯಾರೋ ಎಬ್ಬಿಸುತ್ತಾರೆ ಎಂಬ ಎಣಿಕೆ ಅದರೊಳಗಿದೆ. ಜರ್ಮನಿಯ ಹೆರ್ನ್‌ಹುಟ್ ಎಂಬಲ್ಲಿ 1732ರ ಈಸ್ಟರ್ ದಿನ ಮೊರಾವಿಯನ್ ಸಭೆಯ ತರುಣರು ಸೂರ್ಯೋದಯಕ್ಕೆ ಮುಂಚೆ ತಮ್ಮ ಸ್ಮಶಾನಕ್ಕೆ ಹೋಗಿ ಹಾಡಿದರು. ಸ್ಮಶಾನವನ್ನು ಅವರು ಕರೆಯುತ್ತಿದ್ದದ್ದು ದೇವರ ಹೊಲ ಎಂದು. ನಮ್ಮಲ್ಲೂ ಎಷ್ಟೋ ಸಭೆಗಳು ಆ ದಿನ ಬೆಳಕು ಹರಿಯುವ ಮೊದಲೇ ಕೂಡುತ್ತವೆ. ತಲೆ ಪಶ್ಚಿಮಕ್ಕೆ, ಪಾದ ಪೂರ್ವಕ್ಕೆ ಇಟ್ಟು ಹೂಳುವ ಹಳೆಯ ಪದ್ಧತಿಯ ಹಿಂದೆಯೂ ಇದೇ ಎಣಿಕೆ: ಎದ್ದು ನಿಂತಾಗ ಮುಖ ಸೂರ್ಯ ಹುಟ್ಟುವ ದಿಕ್ಕಿಗಿರಲಿ.

ಪದ ಮೈಗೂ ಇಳಿದಿದೆ. ಅನಾಸ್ತಾಸಿಸ್ ಎಂದರೆ ಎದ್ದು ನಿಲ್ಲುವುದಾದರೆ, ಆ ಹಬ್ಬದ ಜನ ನಿಲ್ಲಬೇಕಲ್ಲವೇ? 325ರಲ್ಲಿ ನೈಸಿಯದಲ್ಲಿ ಕೂಡಿದ ಮಹಾಸಭೆ ತನ್ನ ಕೊನೆಯ, ಇಪ್ಪತ್ತನೆಯ ಕಟ್ಟಳೆಯಲ್ಲಿ ಭಾನುವಾರಗಳಂದೂ ಈಸ್ಟರ್‌ನಿಂದ ಪೆಂತೆಕೋಸ್ತಿನವರೆಗಿನ ದಿನಗಳಲ್ಲೂ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ವಿಧಿಸಿತು. ಕ್ರಿಸ್ತ ಯಾರೆಂದು ಚರ್ಚಿಸಲು ಕೂಡಿದ ಆ ಸಭೆ ಮೊಣಕಾಲಿನ ಬಗ್ಗೆಯೂ ಯೋಚಿಸಿತು ಎಂಬುದು ನನಗೆ ತುಂಬ ಇಷ್ಟ. ಆ ನಿಯಮ ಇಂದು ಬಹಳ ಕಡೆ ಸಡಿಲವಾಗಿದೆ. ಸುವಾರ್ತೆ ಓದುವಾಗ ಜನರೆಲ್ಲ ಎದ್ದು ನಿಲ್ಲುವ ಪದ್ಧತಿ ಉಳಿದಿದೆ.

ಎದ್ದು ನಿಂತ ಮೇಲೆ ಮಾಡುವುದೇನು? ಸೀಮೋನನ ಅತ್ತೆ ಎದ್ದು ಅತಿಥಿಗಳನ್ನು ನೋಡಿಕೊಂಡಳು. ಪೌಲ ಕೊರಿಂಥದ ಸಭೆಗೆ ಬರೆದ ಆ ಮೊದಲ ಪತ್ರದಲ್ಲೂ ಉತ್ತರ ಅಂಥದ್ದೇ. ಹದಿನೈದನೆಯ ಅಧ್ಯಾಯ ಪೂರ್ತಿ ಸತ್ತವರು ಏಳುವುದರ ಮೇಲೆ. ಅದರಷ್ಟು ಎತ್ತರಕ್ಕೆ ಹೋದ ಬರಹ ಅವನಲ್ಲೂ ಅಪರೂಪ. ನಿಮ್ಮ ದುಡಿಮೆ ವ್ಯರ್ಥವಲ್ಲ ಎಂಬ ಅರ್ಥದ ಮಾತಿನೊಂದಿಗೆ ಅದು ಮುಗಿಯುತ್ತದೆ. ಅಧ್ಯಾಯದ ಗೆರೆ ಶತಮಾನಗಳ ನಂತರ ಎಳೆದದ್ದು. ಪೌಲ ಬರೆಸುವಾಗ ಅಲ್ಲಿ ತಡೆಯೇ ಇರಲಿಲ್ಲ. ಮರುಸಾಲಿನಲ್ಲೇ ಅವನು ಯೆರೂಸಲೇಮಿನ ವಿಶ್ವಾಸಿಗಳಿಗಾಗಿ ನಡೆಯುತ್ತಿದ್ದ ಚಂದಾಹಣದ ವಿಷಯಕ್ಕೆ ಬರುತ್ತಾನೆ, ಪ್ರತಿಯೊಬ್ಬರೂ ತಮ್ಮ ಸಂಪಾದನೆಗೆ ತಕ್ಕಷ್ಟು ತೆಗೆದಿಡಲಿ ಎನ್ನುತ್ತಾನೆ. ಅದಕ್ಕೆ ಅವನು ಗೊತ್ತುಮಾಡುವ ದಿನ ವಾರದ ಮೊದಲನೆಯ ದಿನ, ಕ್ರಿಸ್ತ ಎದ್ದ ಭಾನುವಾರ.