ಸಂಘದ ಹಳೇ ಪಿಕಪ್ ಗಾಡಿ ಮತ್ತು ಅದರ ಕರೆಂಟಿನ ಚರಿತ್ರೆ

ಸಂಘದ ಕಟ್ಟಡ, ಗೋದಾಮು, ಷೇರು ಬಂಡವಾಳ, ಸಾಲ ವಸೂಲಿ ಇವುಗಳ ಬಗ್ಗೆ ಈ ಸಂಚಿಕೆಯಲ್ಲಿ ತಿಳಿದವರು ಬರೆದಿದ್ದಾರೆ. ನಮ್ಮ ಪಾಲಿಗೆ ಬಂದಿರುವುದು ಹಳೇ ಪಿಕಪ್ ಗಾಡಿ. "ಗಾಡಿಗೇನ್ ಸ್ವಾಮಿ ಚರಿತ್ರೆ?" ಅಂತ ಕೆಲವರು ನಗಬಹುದು. ಆದರೆ ಈ ಗಾಡಿಯ ದೆಸೆಯಿಂದ ನಾವು ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿದೆವು. ಅದು ಸಂಘದ ನಡಾವಳಿ ಪುಸ್ತಕದಲ್ಲಿ ಅರ್ಧ ಮಾತ್ರ ದಾಖಲಾಗಿದೆ. ಉಳಿದರ್ಧವನ್ನು ಇಲ್ಲಿ ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಮ್ಮ ಊರು ಅರಸೀಕೆರೆ ಮತ್ತು ಹಳೇಬೀಡಿನ ನಡುವಿನದು. ಕೊಬ್ಬರಿ ಅರಸೀಕೆರೆ ಮಾರುಕಟ್ಟೆಗೆ ಹೋಗಬೇಕು, ಗೊಬ್ಬರ ಅಲ್ಲಿಂದಲೇ ಬರಬೇಕು, ಆಲೂಗೆಡ್ಡೆ ಕಾಲದಲ್ಲಿ ಬೇಲೂರು ಕಡೆಗೂ ಓಡಾಟ. ಹಿಂದೆ ಇದೆಲ್ಲ ಎತ್ತಿನ ಗಾಡಿಯಲ್ಲಿ ಆಗುತ್ತಿತ್ತು, ಆಮೇಲೆ ಬಾಡಿಗೆ ಲಾರಿಯಲ್ಲಿ. ಬಾಡಿಗೆ ಕೊಟ್ಟು ಸಾಕಾಗಿ ಸಂಘದವರು ಜೀಪಿನ ಜಾತಿಯ ಒಂದು ಹಳೇ ಡೀಸೆಲ್ ಪಿಕಪ್ಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಅದು ಊರಿಗೆ ಬಂದ ದಿನ ತೆಂಗಿನಕಾಯಿ ಒಡೆದು ಪೂಜೆ ಮಾಡಿದ್ದು ಹಿರಿಯರಿಗೆಲ್ಲ ನೆನಪಿದೆ.

ಮೊದಲು ಇಂಥ ಗಾಡಿಗಳ ಕರೆಂಟಿನ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡೋಣ. ಮೊದಮೊದಲು ಮೋಟಾರು ಗಾಡಿಗಳನ್ನು ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರು ಎಷ್ಟೋ ಜನ. ಅಮೆರಿಕಾದ ಕ್ಯಾಡಿಲಾಕ್ ಕಾರಿಗೆ 1912ರಲ್ಲಿ ಬ್ಯಾಟರಿಯಿಂದ ತಿರುಗುವ ಸೆಲ್ಫ್ ಸ್ಟಾರ್ಟರ್ ಬಂತು. ಆ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ಎಂಬುವರು 1859ರಲ್ಲೇ ಕಂಡುಹಿಡಿದಿದ್ದರು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದು 6 ವೋಲ್ಟಿನ, ಅಂದರೆ ಮೂರು ಮನೆಯ ಬ್ಯಾಟರಿ. ಸ್ವಾತಂತ್ರ್ಯ ಬಂದ ಮೇಲೆ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಆ ಜೀಪುಗಳನ್ನು ಜೋಡಿಸತೊಡಗಿದರು. ಕಾಲಕ್ರಮೇಣ 6 ವೋಲ್ಟ್ ಹೋಗಿ 12 ವೋಲ್ಟ್ ಬಂತು. ಡೈನಮೋ ಹೋಗಿ ಆಲ್ಟರ್ನೇಟರ್ ಬಂತು. ಬೆಂಗಳೂರಿನಲ್ಲಿ ಮೈಕೋ, ಮದರಾಸಿನಲ್ಲಿ 1961ರಲ್ಲಿ ಲೂಕಾಸ್ ಟಿವಿಎಸ್ ಶುರುವಾದ ಮೇಲೆ ಇಂಥ ಸಾಮಾನುಗಳು ನಮ್ಮ ದಕ್ಷಿಣದಲ್ಲೇ ತಯಾರಾಗತೊಡಗಿದವು.

ಇನ್ನು ನಮ್ಮ ಗಾಡಿಯ ವಿಷಯ. ಮೊದಲ ಕೆಲವು ವರ್ಷ ಎತ್ತಿನಂತೆ ದುಡಿಯಿತು. ಆಮೇಲೆ ಕಾಯಿಲೆ ಶುರುವಾಯಿತು. ಬೆಳಿಗ್ಗೆ ಕೀ ತಿರುಗಿಸಿದರೆ "ಕಟ್ ಕಟ್" ಅಂತ ಶಬ್ದ ಬಿಟ್ಟರೆ ಇಂಜಿನ್ ತಿರುಗುತ್ತಿರಲಿಲ್ಲ. ಆದರೆ ಹೆಡ್‌ಲೈಟ್ ಚೆನ್ನಾಗೇ ಉರಿಯೋದು, ಹಾರನ್ನೂ ಹೊಡೆಯೋದು. ಹೊಸ ಬ್ಯಾಟರಿ ಹಾಕಿಸಿದೆವು, ಕೆಲವು ತಿಂಗಳು ಸರಿಯಾಯಿತು, ಮತ್ತೆ ಅದೇ ರಾಗ. ಎರಡನೇ ಬ್ಯಾಟರಿಯೂ ಹಾಗೇ ಆಯಿತು. ಮೂರನೆಯದಕ್ಕೆ ಬಿಲ್ಲು ಬಂದಾಗ ಸರ್ವಸದಸ್ಯರ ಸಭೆಯಲ್ಲಿ ಗಲಾಟೆ. "ಬ್ಯಾಟರಿ ಅಂದ್ರೆ ಏನ್ ಕಳ್ಳೇಕಾಯಾ? ಹೊಸದನ್ನ ಮಾರ್ಕೊಂಡು ಹಳೇದನ್ನ ಕೂರಿಸ್ತಾವ್ನೆ" ಅಂತ ಡ್ರೈವರ್ ಮೇಲೆ ಆರೋಪ ಬಂತು. ಇನ್ನೊಬ್ಬರು ಎದ್ದು, ಅರಸೀಕೆರೆಗೆ ಹೋದಾಗಲೆಲ್ಲ ಗಾಡಿಯನ್ನು ಮಾರುಕಟ್ಟೆಯಲ್ಲಿ ಬಿಡದೆ ದೂರದ ಹೋಟೆಲಿನ ಮುಂದೆ ನಿಲ್ಲಿಸಿ ಕಾಲ ಕಳೆಯುತ್ತಾನೆ ಎಂದರು. ಆತ ಹೇಳಿದ್ದು ಒಂದೇ ಮಾತು: "ಅಲ್ಲಿ ಇಳಿಜಾರು ಐತೆ, ತಳ್ಳೋಕೆ ಆಯ್ತದೆ ಅಂತ ನಿಲ್ಲಿಸ್ತೀನಿ." ಯಾರೂ ನಂಬಲಿಲ್ಲ. ನಾವೂ ನಂಬಲಿಲ್ಲ. ಬ್ಯಾಟರಿಯ ಹಣ ಸಂಬಳದಲ್ಲಿ ಹಿಡಿಯಬೇಕೆಂದು ಠರಾವು ಆಯಿತು. ಮಾರನೇ ದಿನ ಆತ ಕೀಲಿಯನ್ನು ಕಾರ್ಯದರ್ಶಿಗಳ ಮೇಜಿನ ಮೇಲಿಟ್ಟು ಮನೆಗೆ ಹೋದರು.

ಹೊಸ ಡ್ರೈವರ್ ಬಂದರು, ಕಾಯಿಲೆ ಹೋಗಲಿಲ್ಲ. ಕೊನೆಗೆ ಗಾಡಿಯನ್ನು ಗುಜರಿಗೆ ಹಾಕುವ ಮಾತು ಬಂದಾಗ, ಒಂದು ಸಲ ನೋಡಿಬಿಡೋಣ ಎಂದು ನಾವು ಕೆಲವರು ಅರಸೀಕೆರೆಯ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಅವರು ಬ್ಯಾಟರಿಯನ್ನು ದೂರಲಿಲ್ಲ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಂಜಿನ್ನಿನ ಬರೀ ಕಬ್ಬಿಣಕ್ಕೆ ಹಿಡಿದು "ಈಗ ಕೀ ತಿರುಗ್ಸಿ" ಎಂದರು. ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕಾದ ಮುಳ್ಳು 4 ವೋಲ್ಟ್ ದಾಟಿತು. ಆಮೇಲೆ ದಪ್ಪನೆಯ ವೈರಿನಿಂದ ಬ್ಯಾಟರಿಯ ಮೈನಸ್ಸನ್ನು ನೇರವಾಗಿ ಇಂಜಿನ್ನಿಗೆ ಸೇರಿಸಿದರು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಕಾರಣ ಇಷ್ಟೇ. ಗಾಡಿಯಲ್ಲಿ ಕರೆಂಟು ಬ್ಯಾಟರಿಯಿಂದ ವೈರಿನಲ್ಲಿ ಹೋಗುತ್ತದೆ, ವಾಪಸು ಬರುವುದು ಗಾಡಿಯ ಕಬ್ಬಿಣದ ಮೈ ಮೂಲಕ. ಇದಕ್ಕೆ ಅರ್ತ್ ಎನ್ನುತ್ತಾರೆ. ನಮ್ಮ ಗಾಡಿಯಲ್ಲಿ ಅರ್ತ್ ಪಟ್ಟಿಯನ್ನು ಚಾಸಿಗೆ ಬಿಗಿದ ಬೋಲ್ಟು ತುಕ್ಕು ಹಿಡಿದಿತ್ತು. ಬಾವಿಯಲ್ಲಿ ನೀರಿದ್ದರೂ ಪೈಪಿನಲ್ಲಿ ಹೂಳು ತುಂಬಿದ ಹಾಗೆ. ಓಮ್ ಎಂಬ ಜರ್ಮನ್ ವಿಜ್ಞಾನಿ 1827ರಲ್ಲಿ ಪ್ರಕಟಿಸಿದ ಲೆಕ್ಕ ಇಲ್ಲಿಗೆ ಸಾಕು. ಆ ತುಕ್ಕಿನ ತಡೆ 0.03 ಓಮ್ ಎಂದಿಟ್ಟುಕೊಳ್ಳಿ. ಎರಡು ಹೆಡ್‌ಲೈಟಿಗೆ ಬೇಕಾದ್ದು ಸುಮಾರು 10 ಆಂಪಿಯರ್. ಅದಕ್ಕೆ ನಷ್ಟ 0.3 ವೋಲ್ಟ್ ಮಾತ್ರ, ಕಣ್ಣಿಗೆ ಗೊತ್ತಾಗುವುದಿಲ್ಲ. ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯಿತೆಂದರೆ ಅದೇ ತುಕ್ಕಿನಲ್ಲಿ 4.5 ವೋಲ್ಟ್ ಸೋರಿಹೋಗುತ್ತದೆ. ಲೈಟು ಉರಿದರೂ ಇಂಜಿನ್ ತಿರುಗದಿದ್ದುದು ಇದಕ್ಕೇ. ಬ್ಯಾಟರಿಗೆ ವಾಪಸು ಚಾರ್ಜ್ ತುಂಬುವ ಕರೆಂಟೂ ಅದೇ ತುಕ್ಕು ದಾಟಿ ಬರಬೇಕು. ಹೀಗಾಗಿ ಬ್ಯಾಟರಿಗೆ ಎಂದೂ ಹೊಟ್ಟೆ ತುಂಬಲಿಲ್ಲ, ಅರೆಹೊಟ್ಟೆಯಲ್ಲಿ ಒಂದೊಂದಾಗಿ ಸತ್ತವು. ಯಾರೂ ಬ್ಯಾಟರಿ ಮಾರಿಕೊಂಡಿರಲಿಲ್ಲ. ಡೀಸೆಲ್ ಗಾಡಿಗೆ ಕಿಡಿ ಬೇಡವಾದ್ದರಿಂದ ಇಳಿಜಾರಿನಲ್ಲಿ ತಳ್ಳಿದರೆ ಸ್ಟಾರ್ಟ್ ಆಗುತ್ತಿತ್ತು. ಆತ ಹೇಳಿದ್ದು ಅಕ್ಷರಶಃ ನಿಜ.

ತುಕ್ಕು ಎಲ್ಲಿಂದ ಬಂತು? ಅದಕ್ಕೂ ನಾವೇ ಕಾರಣ. ಗೊಬ್ಬರದ ಪುಡಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ವರ್ಷಗಟ್ಟಲೆ ಗೊಬ್ಬರದ ಚೀಲ ಹೊರಿಸಿ ಒಂದು ದಿನವೂ ಗಾಡಿ ತೊಳೆಸಲಿಲ್ಲ. ತೊಳೆಸಲು ದುಡ್ಡು ಕೇಳಿದ್ದೂ ಆ ಡ್ರೈವರೇ, ಬೇಡ ಎಂದದ್ದು ನಾವು. ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಪಟ್ಟಿ ಹಾಕಿದ ಖರ್ಚು ಒಂದು ಬ್ಯಾಟರಿಯ ಬೆಲೆಯ ಮುಂದೆ ಏನೇನೂ ಅಲ್ಲ.

ಈಗ ಎಷ್ಟೋ ಸದಸ್ಯರ ಮನೆಯಲ್ಲಿ ಟ್ರ್ಯಾಕ್ಟರು, ಗೂಡ್ಸ್ ಗಾಡಿ ಇವೆ. ಅವರ ಉಪಯೋಗಕ್ಕೆ ನಾವು ಕಲಿತದ್ದನ್ನು ಹೇಳುತ್ತೇವೆ. ಸ್ಟಾರ್ಟ್ ಆಗದಿದ್ದರೆ ಮೊದಲು ಬ್ಯಾಟರಿಯ ತುದಿಗಳನ್ನು ನೋಡಿ. ಬಿಳೀ ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒರೆಸಿ ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಹತ್ತಿರ ಬೀಡಿ ಸೇದಬೇಡಿ, ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ, ಇಂಜಿನ್ ನಿಂತಿರುವಾಗ, ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಸುಮಾರು 14 ಇರಬೇಕು. ಅದಿಲ್ಲದಿದ್ದರೆ ಬೆಲ್ಟು, ಆಲ್ಟರ್ನೇಟರ್, ಅರ್ತ್ ನೋಡಿಸಿ. ಇಂಜಿನ್ ಓಡುವಾಗ ಬ್ಯಾಟರಿ ಬಿಚ್ಚಿ ಪರೀಕ್ಷೆ ಮಾಡುವ ಹಳೇ ಚಾಳಿ ಬೇಡ, ಆಲ್ಟರ್ನೇಟರ್ ಸುಟ್ಟುಹೋದೀತು. ಫ್ಯೂಸ್ ಹೋದರೆ ಸಿಗರೇಟಿನ ಬೇಗಡೆಯನ್ನೋ ದಪ್ಪ ತಂತಿಯನ್ನೋ ಹಾಕಬೇಡಿ, ಫ್ಯೂಸಿನ ಬದಲು ವೈರಿಂಗೇ ಹೊತ್ತಿಕೊಳ್ಳುತ್ತದೆ. ಕೊಬ್ಬರಿ ಅಟ್ಟದ ಕೆಳಗೆ ಗಾಡಿ ನಿಲ್ಲಿಸುವವರು ಇಲಿ ವೈರು ಕಡಿದಿದೆಯೇ ಎಂದೂ ನೋಡಬೇಕು.

ಅರ್ತಿನ ವಿಷಯ ತಿಳಿದ ವಾರದಲ್ಲೇ ನಾವು ನಾಲ್ಕು ಜನ ಆ ಡ್ರೈವರ್ ಮನೆಗೆ ಹೋದೆವು. ಹಿಡಿದಿದ್ದ ಹಣ ವಾಪಸು ಕೊಡುವ ಠರಾವು ಪುಸ್ತಕದಲ್ಲಿದೆ. ಆದರೆ ಕ್ಷಮೆ ಕೇಳಿದ ಮಾತು ಅದರಲ್ಲಿ ಇಲ್ಲ. ಆತ ಕಾಫಿ ಕೊಟ್ಟು, "ಹೋಗ್ಲಿ ಬಿಡಿ, ಗಾಡಿ ಸರಿ ಆಯ್ತಲ್ಲ" ಎಂದರು. ಕೆಲಸಕ್ಕೆ ಮಾತ್ರ ವಾಪಸು ಬರಲಿಲ್ಲ. ಈ ಲೇಖನದಲ್ಲಿ ಹೆಸರು ಹಾಕುತ್ತೇವೆ ಎಂದಾಗಲೂ ಬೇಡ ಎಂದರು. ಊರಿಗೆ ಗೊತ್ತಿರುವ ಹೆಸರೇ ಆದ್ದರಿಂದ ಅವರ ಮಾತಿನಂತೆ ಬಿಟ್ಟಿದ್ದೇವೆ.

ನಮ್ಮ ಅಕ್ಕಪಕ್ಕದ ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ನಮಗೆಲ್ಲ ಹೆಮ್ಮೆ. ಆ ಚರಿತ್ರೆ ಕಲ್ಲಿನಲ್ಲಿದೆ, ಅಳಿಸುವುದಿಲ್ಲ. ನಮ್ಮಂಥ ಸಣ್ಣ ಸಂಘದ ಚರಿತ್ರೆ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಸಭೆಯಲ್ಲಿ ನಾವು ಆಡಿದ ಮಾತು ತಪ್ಪು, ಡ್ರೈವರ್ ಹೇಳಿದ್ದು ಸರಿ ಎಂದು ಈ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ದಾಖಲಿಸುತ್ತಿದ್ದೇವೆ. ಮುಂದೆ ಸಂಘದಲ್ಲಿ ಯಾರ ಮೇಲಾದರೂ ಅನುಮಾನ ಬಂದರೆ, ಠರಾವು ಬರೆಯುವ ಮೊದಲು ಬೋಲ್ಟು ಬಿಚ್ಚಿ ನೋಡುವ ತಾಳ್ಮೆ ನಮ್ಮೆಲ್ಲರಿಗೂ ಬರಲಿ. ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.