ಪ್ಲಾನ್ 100, ಫೋನಿಗೆ ಸಿಗೋದು 22: ಮನೆ, ಅಂಗಡಿ ವೈಫೈ ಎಲ್ಲಿ ಸೋರ್ತಿದೆ? ಡ್ಯುಯಲ್ ಬ್ಯಾಂಡ್ ರೂಟರ್ ಬಗ್ಗೆ ತಿಳಿಯಬೇಕಾದ ವಿಷಯಗಳು

ಸಾಗರ: ಹೋದ ವರ್ಷ ಸಿಇಟಿ ಆಪ್ಷನ್ ಎಂಟ್ರಿಯ ಕೊನೆಯ ದಿನ. ಸಂಜೆ ಏಳೂವರೆ ಇರಬಹುದು. ನಮ್ಮ ಮಾವನ ಜೆರಾಕ್ಸ್ ಅಂಗಡಿಯಲ್ಲಿ ಕುರ್ಚಿ ಸಾಲದೆ ಮಕ್ಕಳು ನಿಂತಿದ್ದರು. ಹೊರಗೆ ಧೋ ಅಂತ ಮಳೆ. ಹಳ್ಳಿಯಿಂದ ಬಂದಿದ್ದ ಒಬ್ಬ ಹುಡುಗಿಗೆ ಎಂಟು ಗಂಟೆಯ ಬಸ್ಸೇ ಕೊನೆ. ಕಂಪ್ಯೂಟರಿನಲ್ಲಿ ಚಕ್ರ ತಿರುಗ್ತಾ ಇದೆ, ಪೇಜ್ ಬರ್ತಿಲ್ಲ. ಅವಳ ಅಪ್ಪ ಮೂರು ಸಲ ಕೇಳಿದರು, "ಸೀಟು ಹೋಗ್ತದಾ ಹಂಗಾದ್ರೆ?" ಅಂತ.

ಎಲ್ಲರೂ ಸರ್ವರ್ ಡೌನ್ ಅಂತ ಬೈಯ್ತಾ ಇದ್ದೆವು. ನಾನು ಸುಮ್ಮನೆ ನೋಡೋಣ ಅಂತ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಕೊಟ್ಟೆ. ಪೇಜ್ ತಕ್ಷಣ ತೆರೆಯಿತು. ಹುಡುಗಿ ಎಂಟ್ರಿ ಮುಗಿಸಿ ಬಸ್ಸಿಗೆ ಓಡಿದಳು. ಅಲ್ಲಿಗೆ ಒಂದು ವಿಷಯ ಗೊತ್ತಾಯ್ತು, ತಪ್ಪು ಸರ್ವರ್‌ದಲ್ಲ, ನಮ್ಮದು.

ಮಾವ ಮರುದಿನವೇ ನೆಟ್ ಕೊಟ್ಟವರಿಗೆ ಫೋನ್ ಮಾಡಿದರು. "ಪ್ಲಾನ್ ಏರಿಸಿ ಸಾರ್, ಸರಿಯಾಗ್ತದೆ" ಅಂದರು. 50 ಇದ್ದದ್ದು 100 ಎಂಬಿಪಿಎಸ್ ಆಯ್ತು. ಬಿಲ್ಲೂ ಏರಿತು. ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಮಾತ್ರ ಅದೇ 22, 25, ಒಳ್ಳೇ ದಿನ 30. "ಎಂತ ಮಾರಾಯ, ದುಡ್ಡು ಜಾಸ್ತಿ ಕೊಟ್ರೂ ಇದೇ ಗೋಳು" ಅಂತ ಮಾವ ನನ್ನ ಮೇಲೆ ರೇಗಿದರು, ನಾನೇ ಏರಿಸಿದ ಹಾಗೆ.

ತಿಂಗಳುಗಟ್ಟಲೆ ಹೀಗೇ ನಡೀತು. ಕೊನೆಗೆ ಒಂದು ರಾತ್ರಿ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರ ಡಬ್ಬಕ್ಕೆ ಚುಚ್ಚಿ ನೋಡಿದೆ. 94 ಬಂತು. ಅಂದ್ರೆ ಫೈಬರಿನಲ್ಲಿ ಅಂಗಡಿಯೊಳಗೆ 100 ಸರಿಯಾಗೇ ಬರ್ತಾ ಇತ್ತು. ಡಬ್ಬದಿಂದ ಫೋನಿಗೆ ಹೋಗೋ ಏಳೆಂಟು ಅಡಿ ಗಾಳಿಯಲ್ಲಿ ಮುಕ್ಕಾಲು ಪಾಲು ಸೋರಿಹೋಗ್ತಾ ಇತ್ತು.

ನಿಮ್ಮಲ್ಲೂ ನೆಟ್ ನಿಧಾನ ಅಂತಾದರೆ ಪ್ಲಾನ್ ಏರಿಸೋ ಮೊದಲು ಈ ಕೇಬಲ್ ಪರೀಕ್ಷೆ ಮಾಡಿ. ಕೇಬಲ್ಲಿನಲ್ಲೂ ಕಮ್ಮಿ ಬಂದರೆ ಲೈನಿನ ತೊಂದರೆ, ನೆಟ್ ಕೊಟ್ಟವರಿಗೆ ದೂರು ಕೊಡಿ. ಕೇಬಲ್ಲಿನಲ್ಲಿ ಪೂರ್ತಿ ಬಂದು ವೈಫೈನಲ್ಲಿ ಬರದಿದ್ದರೆ ಮುಂದೆ ಓದಿ.

ಬ್ಯಾಂಡ್ ಅಂದ್ರೆ ಏನು?

ವೈಫೈ ಕೂಡ ರೇಡಿಯೋ ಅಲೆಯೇ. ಆಕಾಶವಾಣಿಗೆ ಭದ್ರಾವತಿ ಒಂದು ಕಡೆ, ಬೇರೆ ಸ್ಟೇಷನ್ ಇನ್ನೊಂದು ಕಡೆ ಸಿಗೋ ಹಾಗೆ, ವೈಫೈಗೂ ಸರ್ಕಾರ ಲೈಸೆನ್ಸ್ ಬೇಡ ಅಂತ ಬಿಟ್ಟುಕೊಟ್ಟ ಜಾಗಗಳಿವೆ. ಹಳೆಯದು 2.4 ಗಿಗಾಹರ್ಟ್ಸ್ ಬ್ಯಾಂಡ್. ಇನ್ನೊಂದು 5 ಗಿಗಾಹರ್ಟ್ಸ್. ಬರೀ 2.4 ಇರುವ ರೂಟರಿಗೆ ಸಿಂಗಲ್ ಬ್ಯಾಂಡ್ ಅಂತಾರೆ, ಎರಡೂ ಇದ್ದರೆ ಡ್ಯುಯಲ್ ಬ್ಯಾಂಡ್. ಮೂರು ರೇಡಿಯೋ ಇದ್ದರೆ ಟ್ರೈ ಬ್ಯಾಂಡ್.

ವೈಫೈ ನಿಧಾನ ಆಗೋದು ಯಾಕೆ ಅಂತ ತಿಳಿಯಬೇಕಾದರೆ ಅಡಿಕೆ ಮಂಡಿಯ ತಕ್ಕಡಿ ನೆನಪು ಮಾಡಿಕೊಳ್ಳಿ. ತಕ್ಕಡಿ ಒಂದೇ. ಹತ್ತು ಜನ ಚೀಲ ಹಿಡಿದು ನಿಂತಿದ್ದರೂ ಒಂದು ಸಲಕ್ಕೆ ಒಬ್ಬರದ್ದೇ ತೂಕ. ವೈಫೈನಲ್ಲೂ ಒಂದು ಚಾನೆಲ್ಲಿನಲ್ಲಿ ಒಂದು ಸಲಕ್ಕೆ ಒಂದೇ ಸಾಧನ ಮಾತಾಡಬೇಕು, ಉಳಿದವು ಕಾಯಬೇಕು. ಇದು ಬಹಳ ಬೇಗ ನಡೆಯೋದರಿಂದ ನಮಗೆ ಎಲ್ಲಾ ಒಟ್ಟಿಗೇ ನಡೆದ ಹಾಗೆ ಕಾಣತ್ತೆ. ಆದರೆ ಹಳೇ ಫೋನೋ, ಮೂಲೆಯಲ್ಲಿರೋ ಕ್ಯಾಮೆರಾವೋ ಸಿಗ್ನಲ್ ಇಲ್ಲದೆ ತಡವರಿಸುತ್ತಾ ಮಾತಾಡಿದರೆ ಅದೇ ಜಾಸ್ತಿ ಹೊತ್ತು ತಕ್ಕಡಿ ಹಿಡಿದುಕೊಳ್ಳತ್ತೆ. ಹೊಸ ಲ್ಯಾಪ್‌ಟಾಪ್ ಎಷ್ಟೇ ವೇಗದ್ದಾದರೂ ಹಿಂದೆ ನಿಂತು ಕಾಯಲೇಬೇಕು.

ಇಷ್ಟೇ ಆಗಿದ್ದರೆ ತಡಕೊಳ್ಳಬಹುದಿತ್ತು. ಪಕ್ಕದ ಅಂಗಡಿಯವರು, ಮಹಡಿ ಮೇಲಿನ ಮನೆಯವರು, ಎದುರಿನ ಮೆಡಿಕಲ್ ಶಾಪಿನವರು ಎಲ್ಲರೂ ಅದೇ 2.4ರಲ್ಲಿ ಇದ್ದಾರೆ. ಆ ಬ್ಯಾಂಡಿನ ಒಟ್ಟು ಅಗಲವೇ 83.5 ಮೆಗಾಹರ್ಟ್ಸ್. ನಮ್ಮಲ್ಲಿ ಚಾನೆಲ್ ನಂಬರು 1ರಿಂದ 13ರ ತನಕ ಇದ್ದರೂ ಒಂದೊಂದು ಚಾನೆಲ್ಲಿಗೆ 20 ಮೆಗಾಹರ್ಟ್ಸ್ ಬೇಕಾದ್ದರಿಂದ ಒಂದರ ಮೇಲೊಂದು ಬೀಳದೆ ಕೂರೋದು 1, 6, 11 ಈ ಮೂರು ಮಾತ್ರ. ಪೇಟೆ ಬೀದಿಯ ಹತ್ತಿಪ್ಪತ್ತು ಅಂಗಡಿಗೆ ಮೂರೇ ತಕ್ಕಡಿ. ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದಾಗ ಮಾವನ ಅಂಗಡಿಯಲ್ಲಿ ಕೂತು 17 ವೈಫೈ ಕಂಡವು. ಕೆಲವರದ್ದು 3, 4ರಲ್ಲಿ ಕೂತಿತ್ತು. ಅದು ಇನ್ನೂ ಕೆಟ್ಟದ್ದು. ಒಂದೇ ಚಾನೆಲ್ಲಿನಲ್ಲಿರೋ ರೂಟರುಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಪ್ರಕಾರ ನಡೀತವೆ. ಅರ್ಧಂಬರ್ಧ ಮೇಲೆ ಬಿದ್ದಿರೋದು ಬರೀ ಗಲಾಟೆ. ಬ್ಲೂಟೂತ್, ವೈರ್‌ಲೆಸ್ ಮೌಸ್, ಬೇಕರಿಯ ಮೈಕ್ರೋವೇವ್ ಒಲೆ ಇವೂ ಅದೇ 2.4ರ ಆಸುಪಾಸಿನವೇ.

5 ಗಿಗಾಹರ್ಟ್ಸ್ ಬಂದರೆ ಏನಾಗತ್ತೆ?

ಮೊದಲನೆಯದಾಗಿ ಜಾಗ. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್ ಕಡೆಯಲ್ಲಿ ಒಟ್ಟು 605 ಮೆಗಾಹರ್ಟ್ಸ್ ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. 83.5 ಎಲ್ಲಿ, 605 ಎಲ್ಲಿ. ಇಲ್ಲಿ ಚಾನೆಲ್ಲುಗಳನ್ನು 40, 80 ಮೆಗಾಹರ್ಟ್ಸ್ ಅಗಲಕ್ಕೆ ಹಿಗ್ಗಿಸಬಹುದು. ತಕ್ಕಡಿಯ ತಟ್ಟೆಯೇ ದೊಡ್ಡದಾದ ಹಾಗೆ, ಒಂದು ಸರದಿಗೆ ಜಾಸ್ತಿ ಮಾಲು. ಒಂದೇ ಆಂಟೆನಾದ ಸಾಧಾರಣ ಫೋನು 2.4ರ 20 ಮೆಗಾಹರ್ಟ್ಸ್ ಚಾನೆಲ್ಲಿನಲ್ಲಿ ಹೆಚ್ಚೆಂದರೆ 72 ಎಂಬಿಪಿಎಸ್‌ಗೆ ಕೂಡಿಕೊಳ್ಳತ್ತೆ, 5ರ 80 ಮೆಗಾಹರ್ಟ್ಸ್ ಚಾನೆಲ್ಲಿನಲ್ಲಿ ಅದೇ ಥರದ ಫೋನು 433ಕ್ಕೆ. ಕೈಗೆ ಸಿಗೋದು ಇದರ ಅರ್ಧದ ಆಸುಪಾಸು ಅಂತ ಇಟ್ಟುಕೊಳ್ಳಿ, ಯಾಕಂದ್ರೆ ಸರದಿ ಕಾಯೋದು, ತಲುಪಿತು ಅಂತ ಉತ್ತರ ಕೊಡೋದು ಇದರಲ್ಲೇ ಹೊತ್ತು ಹೋಗತ್ತೆ.

ಎರಡನೆಯದು, ಹೆಚ್ಚಿನವರು ಗಮನಿಸದ್ದು. 5ಕ್ಕೆ ಹೋದ ಸಾಧನಗಳಿಗೆ ಮಾತ್ರ ಲಾಭ ಅಲ್ಲ, 2.4ರಲ್ಲಿ ಉಳಿದವಕ್ಕೂ ಲಾಭ. ಮಾವನ ಅಂಗಡಿಯ ಎರಡು ಕಂಪ್ಯೂಟರು, ಮೂರು ಫೋನು 5ಕ್ಕೆ ಹೋದ ಮೇಲೆ 2.4ರಲ್ಲಿ ಉಳಿದದ್ದು ಸಿಸಿಟಿವಿ ಕ್ಯಾಮೆರಾ ಮತ್ತು ಪ್ರಿಂಟರ್. ಆಗಾಗ ಕಾಣೆಯಾಗ್ತಿದ್ದ ಪ್ರಿಂಟರ್ ಈಗ ಕಾಣೆಯಾಗೋದಿಲ್ಲ.

ಆದರೆ 5 ಗಿಗಾಹರ್ಟ್ಸಿಗೆ ಗೋಡೆ ಆಗಲ್ಲ. ಅಲೆ ಚಿಕ್ಕದು, ದೂರಕ್ಕೆ ಬೇಗ ಸೊರಗತ್ತೆ, ಗೋಡೆ ದಾಟೋವಾಗ ಜಾಸ್ತಿ ಕಳಕೊಳ್ಳತ್ತೆ. ನಮ್ಮ ಕಡೆಯ ಹಳೇ ಮನೆಗಳದ್ದು ಒಂದಡಿ ಮೀರಿದ ಜಂಬಿಟ್ಟಿಗೆ ಗೋಡೆ. ಮಳೆಗಾಲದಲ್ಲಿ ನೀರು ಕುಡಿದು ನಿಂತರೆ ಇನ್ನೂ ಕಷ್ಟ. ಅಂಗಡಿಯ ಹಿಂದೆಯೇ ಮಾವನ ಮನೆ. ಅಂಗಡಿಯಲ್ಲಿ ಕೂತರೆ 5ರಲ್ಲಿ 90ರ ಮೇಲೆ ಸಿಗತ್ತೆ, ಒಂದು ಗೋಡೆ ದಾಟಿ ನಡುಮನೆಗೆ ಬಂದರೆ 40, ಅಡುಗೆಮನೆಯಲ್ಲಿ ಅತ್ತೆಯ ಫೋನಿಗೆ 5 ಕಾಣೋದೇ ಇಲ್ಲ. ಅಲ್ಲಿಗೆ 2.4 ಹೋಗತ್ತೆ, ಹತ್ತು ಹನ್ನೆರಡು ಸಿಗತ್ತೆ, ಅವರ ಧಾರಾವಾಹಿಗೆ ಅಷ್ಟು ಸಾಕು. ಹಾಗಾಗಿ ಎರಡೂ ಬ್ಯಾಂಡ್ ಬೇಕು. 2.4 ಹಳೇದು, ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಡಬ್ಬದ ಮೇಲಿನ ನಂಬರ್ ನಂಬಿ ಮೋಸಹೋಗಬೇಡಿ

ನಾನೂ ಹೋದವನೇ, ಅದಕ್ಕೆ ಹೇಳ್ತೀನಿ. ರೂಟರ್ ಪೆಟ್ಟಿಗೆ ಮೇಲೆ ಎಸಿ1200 ಅಂತ ದೊಡ್ಡದಾಗಿ ಇರತ್ತೆ. 1200 ಎಂಬಿಪಿಎಸ್ ಬರತ್ತೆ ಅಂತ ಅಂದುಕೊಳ್ತೀವಿ. ಅದು 2.4ರ 300 ಮತ್ತು 5ರ 867 ಎರಡನ್ನೂ ಕೂಡಿ, ಮೇಲಕ್ಕೆ ದುಂಡು ಮಾಡಿದ ಲೆಕ್ಕ. ಸಾಮಾನ್ಯ ಫೋನ್ ಒಂದು ಸಲಕ್ಕೆ ಒಂದೇ ಬ್ಯಾಂಡಿನಲ್ಲಿ ಇರತ್ತೆ, ಎರಡನ್ನೂ ಕೂಡಿಸಿಕೊಳ್ಳಲ್ಲ. ಹಾಗೆ ಎರಡು ಬ್ಯಾಂಡನ್ನು ಒಟ್ಟಿಗೆ ಬಳಸೋ ವ್ಯವಸ್ಥೆ ವೈಫೈ 7ರಲ್ಲಿ ಬಂದಿದೆ, ಅದಕ್ಕೆ ಫೋನೂ ವೈಫೈ 7ರದ್ದೇ ಆಗಿರಬೇಕು.

ಇನ್ನೊಂದು ಮೋಸ ಹಿಂಭಾಗದ ಪೋರ್ಟಿನಲ್ಲಿದೆ. ಕಡಿಮೆ ಬೆಲೆಯ ಎಷ್ಟೋ ಡ್ಯುಯಲ್ ಬ್ಯಾಂಡ್ ರೂಟರುಗಳಲ್ಲಿ ಕೇಬಲ್ ಚುಚ್ಚೋ ಪೋರ್ಟು 100 ಎಂಬಿಪಿಎಸ್‌ನದ್ದು. ಗಾಳಿಯಲ್ಲಿ 867 ಓಡೋ ತಾಕತ್ತಿದ್ದರೂ ಒಳಗೆ ಬರೋ ಬಾಗಿಲೇ 100. ನಾನು ಉಳಿತಾಯ ಅಂತ ತಂದದ್ದು ಅಂಥದ್ದನ್ನೇ. ಮಾವ ಖುಷಿಯಲ್ಲಿ 200ರ ಪ್ಲಾನ್ ಹಾಕಿಸಿದರು, 94 ದಾಟಲೇ ಇಲ್ಲ. ಮತ್ತೆ ಬೈಗುಳ, ಈ ಸಲ ನ್ಯಾಯವಾಗಿಯೇ. ಪೆಟ್ಟಿಗೆ ಮೇಲೆ "ಗಿಗಾಬಿಟ್ ಪೋರ್ಟ್" ಅಂತ ಇದೆಯಾ ನೋಡಿ ತಗೊಳ್ಳಿ. ಪ್ಲಾನ್ 100ರ ಒಳಗಿದ್ದು ಮುಂದೆಯೂ ಅಷ್ಟೇ ಅಂತಾದರೆ ಸಾದಾ ಪೋರ್ಟಿನದ್ದೇ ಸಾಕು.

ಹಾಗೇ, 100 ಎಂಬಿಪಿಎಸ್ ಅಂದ್ರೆ ಸೆಕೆಂಡಿಗೆ 100 ಎಂಬಿ ಫೈಲ್ ಇಳಿಯತ್ತೆ ಅಂತಲ್ಲ. ಎಂಟರಿಂದ ಭಾಗಿಸಿ, 12.5 ಎಂಬಿ. ಇದನ್ನು ಎಷ್ಟೋ ಜನಕ್ಕೆ ವಿವರಿಸಿ ಸಾಕಾಗಿದೆ.

ಹೊಸದಾಗಿ ತಗೊಳ್ಳೋದಾದರೆ ವೈಫೈ 6 ನೋಡಿ. ಒಂದೇ ಚಾನೆಲ್ಲನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಹಲವು ಸಾಧನಗಳಿಗೆ ಒಂದೇ ಸರದಿಯಲ್ಲಿ ಹಂಚುವ ವಿಧಾನ ಅದರಲ್ಲಿದೆ. ಹತ್ತು ಹದಿನೈದು ಸಾಧನ ಕೂಡಿರೋ ಕಡೆ ಇದು ಉಪಯೋಗಕ್ಕೆ ಬರತ್ತೆ. ನಾಲ್ಕು ಫೋನಿನ ಮನೆಗೆ ವೈಫೈ 5ರ ಡ್ಯುಯಲ್ ಬ್ಯಾಂಡೇ ಧಾರಾಳ ಸಾಕು, ಅಂಗಡಿಯವರ ಮಾತಿಗೆ ಮರುಳಾಗಬೇಡಿ. 6 ಗಿಗಾಹರ್ಟ್ಸ್ ಅಂತಲೂ ಒಂದು ಬ್ಯಾಂಡ್ ಇದೆ. 2025ರ ಮೇನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಅದರ 500 ಮೆಗಾಹರ್ಟ್ಸ್ ಭಾಗವನ್ನು ಲೈಸೆನ್ಸ್ ಇಲ್ಲದೆ ಬಿಡುವ ಕರಡು ನಿಯಮ ಹೊರಡಿಸಿತ್ತು. ಜಂಬಿಟ್ಟಿಗೆ ಮನೆಯವರು ಅದಕ್ಕೆ ಆಸೆ ಪಡೋದು ಬೇಡ, ಗೋಡೆ ವಿಷಯದಲ್ಲಿ ಅದು 5ಕ್ಕಿಂತ ನಾಜೂಕು.

ಕೈಯಲ್ಲಿರೋ ಡಬ್ಬವನ್ನೇ ಮೊದಲು ನೋಡಿ

ನಿಮ್ಮಲ್ಲಿ ಫೈಬರ್ ಇದ್ದರೆ ನೆಟ್ ಕೊಟ್ಟವರ ಡಬ್ಬವೇ ಡ್ಯುಯಲ್ ಬ್ಯಾಂಡ್ ಇರಬಹುದು, ಹಾಕಿಕೊಟ್ಟವರು 5ನ್ನು ಚಾಲೂ ಮಾಡದೆ ಹೋಗಿರಬಹುದು. ಡಬ್ಬದ ಅಡಿಯ ಚೀಟಿಯಲ್ಲಿ ಎರಡು ವೈಫೈ ಹೆಸರಿದ್ದು ಒಂದರ ಕೊನೆಗೆ 5ಜಿ ಅಂತಿದ್ದರೆ ಅದು ಡ್ಯುಯಲ್ ಬ್ಯಾಂಡ್. ಇಲ್ಲಿ 5ಜಿ ಅಂದ್ರೆ 5 ಗಿಗಾಹರ್ಟ್ಸ್, ಮೊಬೈಲಿನ 5ಜಿ ಸಿಮ್ಮಿಗೂ ಇದಕ್ಕೂ ಸಂಬಂಧವಿಲ್ಲ. ಸಿಂಗಲ್ ಬ್ಯಾಂಡ್ ಡಬ್ಬ ಆಗಿದ್ದರೆ ಬದಲಿಸಿಕೊಡಿ ಅಂತ ಕೇಳಿ ನೋಡಿ. ಕೊಡದಿದ್ದರೆ ನಿಮ್ಮದೇ ರೂಟರ್ ತಂದು ಆ ಡಬ್ಬದ ಲ್ಯಾನ್ ಪೋರ್ಟಿಗೆ ಕೇಬಲ್ಲಿನಲ್ಲಿ ಸೇರಿಸಿ, ಹಳೇ ಡಬ್ಬದ ವೈಫೈ ಆಫ್ ಮಾಡಿಸಿ. ಫೈಬರ್ ಡಬ್ಬವನ್ನು ಮಾತ್ರ ಕೀಳಬೇಡಿ, ಅದಿಲ್ಲದೆ ನೆಟ್ಟೇ ಇಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿದರೆ ಯಾವ ಬ್ಯಾಂಡಿನಲ್ಲಿದ್ದೀರಿ ಅಂತ ಹೆಚ್ಚಿನ ಫೋನುಗಳು ತೋರಿಸುತ್ತವೆ. ಹಳೇ ಕಮ್ಮಿ ಬೆಲೆಯ ಫೋನುಗಳಿಗೆ 5 ಹಿಡಿಯೋ ಶಕ್ತಿಯೇ ಇರಲ್ಲ, ಅವಕ್ಕೆ ರೂಟರ್ ಬದಲಿಸಿ ಪ್ರಯೋಜನ ಕಮ್ಮಿ.

ಹೆಸರು ಒಂದೇ ಇಡಬೇಕಾ, ಬೇರೆ ಬೇರೆಯಾ? ಕೆಲವು ರೂಟರುಗಳು ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟು ಫೋನನ್ನು ತಾವೇ ಆ ಕಡೆ ಈ ಕಡೆ ಕಳಿಸುತ್ತವೆ. ಮನೆಯಲ್ಲಿ ಓಡಾಡೋರಿಗೆ ಅನುಕೂಲ. ಅಂಗಡಿಗೆ ನನ್ನ ಮತ ಬೇರೆ ಬೇರೆ ಹೆಸರಿಗೆ. ವೈಫೈ ಕ್ಯಾಮೆರಾ, ಬಿಲ್ಲಿಂಗ್ ಪ್ರಿಂಟರ್, ಸ್ಮಾರ್ಟ್ ಬಲ್ಬ್ ಇವುಗಳಲ್ಲಿ ಬಹಳಷ್ಟು 2.4 ಮಾತ್ರ ಹಿಡಿಯುತ್ತವೆ. ಹೆಸರು ಒಂದೇ ಇದ್ದರೆ ಅವನ್ನು ಸೇರಿಸೋವಾಗ ತಲೆ ಕೆಡತ್ತೆ. ಫೋನು, ಕಂಪ್ಯೂಟರನ್ನು 5ರ ಹೆಸರಿಗೆ ಕಟ್ಟಿಹಾಕಿ. ಗಲ್ಲಾದ ಹತ್ತಿರ ಗಿರಾಕಿ ಯುಪಿಐ ಮಾಡಿ ನಿಂತಾಗ ನಿಮ್ಮ ಫೋನಿಗೆ ಮೆಸೇಜ್ ಬರದೆ "ಬಂತಾ, ಬಂತಾ" ಅಂತ ಮುಖ ನೋಡೋ ಸಂಕಟ ಸ್ವಲ್ಪ ಕಮ್ಮಿಯಾಗತ್ತೆ.

2.4ರ ಚಾನೆಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದಕ್ಕೆ, ಅಗಲ 20ಕ್ಕೆ ಇಡಿ. 40 ಇಟ್ಟರೆ ಪೇಟೆಯಲ್ಲಿ ನಿಮಗೂ ಸುಖ ಇಲ್ಲ, ಪಕ್ಕದವರಿಗೂ ಇಲ್ಲ. ರೂಟರನ್ನು ಕಬ್ಬಿಣದ ಬೀರುವಿನ ಮೇಲೆ, ಟಿವಿ ಹಿಂದೆ, ಶಟರ್ ಪಕ್ಕ ಇಡಬೇಡಿ. ಎದೆಯೆತ್ತರಕ್ಕಿಂತ ಮೇಲೆ, ಬಾಗಿಲಿನ ನೇರಕ್ಕೆ ಇಟ್ಟರೆ ಅಲೆಗೆ ಗೋಡೆ ಬದಲು ಬಾಗಿಲು ಸಿಗತ್ತೆ. ಖರ್ಚಿಲ್ಲದ ಕೆಲಸ, ನಮ್ಮಲ್ಲಿ ಇದರಿಂದಲೇ ನಡುಮನೆಗೆ 15 ಇದ್ದದ್ದು 40 ಆದದ್ದು.

ಹಿಂದಿನ ಮನೆಗೂ ಪೂರ್ತಿ ಬೇಕು ಅನ್ನೋರು ಪ್ಲಗ್ಗಿಗೆ ಚುಚ್ಚೋ ರಿಪೀಟರ್ ತರ್ತಾರೆ. ಒಂದೇ ಬ್ಯಾಂಡಿನ ರಿಪೀಟರ್ ಕೇಳಿದ್ದನ್ನೇ ಮತ್ತೆ ಅದೇ ಚಾನೆಲ್ಲಿನಲ್ಲಿ ಹೇಳಬೇಕು, ವೇಗ ಅರ್ಧಕ್ಕೆ ಇಳಿಯತ್ತೆ. ಟ್ರೈ ಬ್ಯಾಂಡ್ ಮೆಶ್‌ನಲ್ಲಿ ಒಂದು ರೇಡಿಯೋವನ್ನು ಡಬ್ಬ ಡಬ್ಬದ ನಡುವಿನ ಮಾತಿಗೇ ಮೀಸಲಿಡ್ತಾರೆ, ಚೆನ್ನಾಗಿ ನಡೆಯತ್ತೆ, ದುಬಾರಿ. ಅದಕ್ಕಿಂತ ಒಂದು ಕ್ಯಾಟ್ 6 ಕೇಬಲ್ ಎಳೆದು (100 ಮೀಟರ್ ತನಕ ತೊಂದರೆಯಿಲ್ಲ) ಹಳೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ ಹಿಂದೆ ಇಡೋದು ಅಗ್ಗ, ಗಟ್ಟಿ. ಆ ಮೋಡ್ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದರ ಐಪಿ ನಂಬರನ್ನು ಮುಖ್ಯ ರೂಟರಿನದ್ದಕ್ಕಿಂತ ಬೇರೆ ಇಟ್ಟು, ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಚುಚ್ಚಬೇಕು. ಮಾವನ ಮನೆಗೂ ಕೊನೆಗೆ ಹೀಗೇ ಮಾಡಿದ್ದು. ಅಡುಗೆಮನೆಗೆ ಈಗ 60 ಬರ್ತಿದೆ.

ಮಳೆಗಾಲದ ಒಂದು ಮಾತು. ಗುಡುಗು ಸಿಡಿಲು ಶುರುವಾದರೆ ರೂಟರಿನ ಅಡಾಪ್ಟರ್ ಪ್ಲಗ್ಗಿನಿಂದ ಕಿತ್ತಿಡಿ. ಗಾಜಿನ ಫೈಬರಿನಲ್ಲಿ ಕರೆಂಟ್ ಹರಿಯಲ್ಲ, ಆದರೆ ಕರೆಂಟ್ ಲೈನಿನಲ್ಲಿ, ಹೊರಗೆ ಎಳೆದ ಲ್ಯಾನ್ ಕೇಬಲ್ಲಿನಲ್ಲಿ ಬರತ್ತೆ. ಬರೀ ಕರೆಂಟ್ ಹೋದರೆ ನೆಟ್ ಉಳಿಸಿಕೊಳ್ಳಲು 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗತ್ತೆ, ಫೈಬರ್ ಡಬ್ಬ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಬರೆದುಕೊಂಡು ಅಂಗಡಿಗೆ ಹೋಗಿ.