ಗಾಳ, ಎರೆ ಮತ್ತು ಅರಸ

ಅರಸೀಕೆರೆ ಎಂದೊಡನೆ ರೈಲಿನಲ್ಲಿ ಓಡಾಡಿದವರಿಗೆ ಹಾಸನ ಜಿಲ್ಲೆಯ ಜಂಕ್ಷನ್ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಇನ್ನೊಂದು ಅರಸೀಕೆರೆ, ಹರಪನಹಳ್ಳಿ ತಾಲ್ಲೂಕಿನದು. ಬಳ್ಳಾರಿಯಲ್ಲಿದ್ದು, 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಸೀಮೆ ಅದು. ಜಿಲ್ಲೆಗಳು ಬದಲಾದರೂ ಮಳೆ ಹೆಚ್ಚಲಿಲ್ಲ. ಇಂಥ ಒಣನಾಡಿನಲ್ಲಿ ಊರು ತನ್ನ ಹೆಸರನ್ನೇ ಕೆರೆಯಿಂದ ಪಡೆಯುವುದರಲ್ಲಿ ಆಶ್ಚರ್ಯವಿಲ್ಲ.

ಆ ಕಡೆಯ ಒಂದು ಕೆರೆಯ ಏರಿಯ ಮೇಲೆ ಚಿಕ್ಕಂದಿನಲ್ಲಿ ಕಂಡ ಒಂದು ದೃಶ್ಯದಿಂದ ಈ ಮಾತನ್ನು ಆರಂಭಿಸುತ್ತೇನೆ. ವಯಸ್ಸಾದ ಒಬ್ಬಾತ ಬಿದಿರಿನ ಗಳುವನ್ನು ಹಿಡಿದು ಕುಳಿತಿದ್ದ. ಪಕ್ಕದಲ್ಲಿ ಒದ್ದೆ ಬಟ್ಟೆಯಿಂದ ಬಾಯಿ ಕಟ್ಟಿದ ಮಡಕೆ; ಅದರೊಳಗೆ ಜೀವಂತ ಕಪ್ಪೆಗಳು. ಒಂದನ್ನು ತೆಗೆದು, ಬೆನ್ನಿನ ತೊಗಲಿಗೆ ಮಾತ್ರ ಗಾಳವನ್ನು ತೂರಿಸಿ, ಜೊಂಡಿನ ಅಂಚಿಗೆ ಇಳಿಬಿಟ್ಟ. ಗಾಳವು ಮಾಂಸಕ್ಕೆ ಆಳವಾಗಿ ಇಳಿದರೆ ಕಪ್ಪೆ ಸಾಯುತ್ತದೆ. ಸತ್ತ ಕಪ್ಪೆಯನ್ನು ಕೊರವ ಮೀನು ಮೂಸಿಯೂ ನೋಡುವುದಿಲ್ಲ ಎಂದ. ಕಪ್ಪೆ ಕಾಲು ಬಡಿಯುತ್ತಿರಬೇಕು, ನೀರು ಅಲುಗುತ್ತಿರಬೇಕು. ನೀರಿಗೆ ತನ್ನ ನೆರಳು ಬೀಳದಂತೆ ಅವನು ಬಿಸಿಲಿಗೆ ಮುಖ ಮಾಡಿ ಕುಳಿತಿದ್ದನ್ನು ನಾನು ಗಮನಿಸಿದ್ದು ಬಹಳ ಹೊತ್ತಿನ ಮೇಲೆ. ಈ ವಿದ್ಯೆಯನ್ನು ಯಾರು ಕಲಿಸಿದರೆಂದು ಕೇಳಿದಾಗ, ಅದೂ ಒಂದು ಪ್ರಶ್ನೆಯೇ ಎಂಬಂತೆ ನನ್ನನ್ನು ನೋಡಿದ.

ಕೊರವ ಒಣನಾಡಿನ ಕೆರೆಗೆ ಹೇಳಿ ಮಾಡಿಸಿದ ಮೀನು. ನೀರಿನ ಮೇಲೆ ಬಂದು ಗಾಳಿಯನ್ನು ಸೇವಿಸಬಲ್ಲದು. ಆದುದರಿಂದ ಬೇಸಿಗೆಯಲ್ಲಿ ಕೆರೆ ಕೆಸರಾದರೂ ಬದುಕಿಕೊಳ್ಳುತ್ತದೆ. ಅದು ಬೇಟೆಗಾರ ಮೀನು. ಬೇಟೆಗಾರನನ್ನು ಹಿಡಿಯಲು ಜೀವಂತ ಬೇಟೆಯನ್ನೇ ತೋರಿಸಬೇಕು. ಹೀಗೆ ತೋರಿಸುವುದಕ್ಕೆ ನಮ್ಮ ಭಾಷೆಯಲ್ಲಿ ಎರೆ ಎಂಬ ಪುಟ್ಟ ಪದವಿದೆ. ಎರೆಹುಳು ಎಂಬಲ್ಲಿ ಇರುವುದೂ ಈ ಎರೆಯೇ. ರೈತನ ಮಿತ್ರನೆಂದು ಇಂದು ನಾವು ಹೊಗಳುವ ಆ ಹುಳುವಿನ ಹೆಸರಿನಲ್ಲಿ ಹೊಲ ಇಲ್ಲ, ಗಾಳ ಇದೆ. ಹೆಸರಿಟ್ಟವರು ಉಳುವವರಲ್ಲ, ಮೀನು ಹಿಡಿಯುವವರು ಎಂದು ನಾನು ಊಹಿಸುತ್ತೇನೆ.

ಹರಪನಹಳ್ಳಿಯ ಸೀಮೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ಉಚ್ಚಂಗಿಯ ಪಾಂಡ್ಯರು ಅವರ ಸಾಮಂತರಾಗಿ ನೊಳಂಬವಾಡಿಯನ್ನು ಆಳುತ್ತಿದ್ದರು. ಬಾಗಳಿಯ ಕಲ್ಲೇಶ್ವರ ಗುಡಿ ಚಾಲುಕ್ಯರ ಶಿಲ್ಪಕ್ಕೆ ಇಂದಿಗೂ ಸಾಕ್ಷಿ. 1126ರಲ್ಲಿ ಆರನೆಯ ವಿಕ್ರಮಾದಿತ್ಯ ತೀರಿಕೊಂಡು ಅವನ ಮಗ ಮೂರನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ತಂದೆಯಂತೆ ಈತ ಯುದ್ಧಗಳಿಂದ ಹೆಸರಾದವನಲ್ಲ. ಸರ್ವಜ್ಞನೆಂಬ ಬಿರುದನ್ನು ಹೊತ್ತು, ಸುಮಾರು 1130ರ ವೇಳೆಗೆ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥವನ್ನು ರಚಿಸಿದ: ಮಾನಸೋಲ್ಲಾಸ, ಅಥವಾ ಅಭಿಲಷಿತಾರ್ಥಚಿಂತಾಮಣಿ. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು ನೂರು ಅಧ್ಯಾಯಗಳು. ಇಡ್ಲಿಯ ಇತಿಹಾಸವನ್ನು ಕುರಿತು ಬರೆಯುವವರೆಲ್ಲ ಇದರ ಅನ್ನಭೋಗದ ಪ್ರಕರಣವನ್ನು ಉದ್ಧರಿಸುವುದು ವಾಡಿಕೆ. ಇಡ್ಲಿಗೆ ಸಂದ ಮರ್ಯಾದೆ ಮೀನಿಗೆ ಸಲ್ಲಲಿಲ್ಲ. ಅದೇ ಗ್ರಂಥದ ವಿನೋದವಿಂಶತಿಯಲ್ಲಿ ಮಲ್ಲರ ಕಾಳಗ, ಕೋಳಿಯಂಕ, ಗಿಡುಗನ ಬೇಟೆಗಳ ಸಾಲಿನಲ್ಲಿ ಮತ್ಸ್ಯವಿನೋದವೆಂಬ ಒಂದು ಅಧ್ಯಾಯವಿದೆ.

ಆ ಅಧ್ಯಾಯದ ಕ್ರಮವೇ ಗಮನಾರ್ಹವಾದುದು. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು. ಹುರುಪೆಯುಳ್ಳದ್ದು ಯಾವುದು, ಬರಿಯ ತೊಗಲಿನದು ಯಾವುದು. ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ಮೊದಲು ವಿಂಗಡಣೆ. ಅನಂತರ ಆಹಾರ. ಹಿಟ್ಟಿನ ಉಂಡೆಗೆ ಬರುವ ಮೀನಿಗೆ ಹಿಟ್ಟು, ಮಾಂಸಕ್ಕೆ ಬರುವುದಕ್ಕೆ ಮಾಂಸ. ಮುಂಚಿತವಾಗಿಯೇ ಉಣಿಸಿ, ಬೆಳೆಸಿ, ಒಂದೆಡೆಗೆ ಬರುವ ಅಭ್ಯಾಸವನ್ನು ಮಾಡಿಸಬೇಕು. ಆ ಬಳಿಕವೇ ದಾರ, ಗಳು, ಗಾಳಗಳ ವಿಚಾರ. ಮೀನನ್ನು ಅರಿಯದೆ ಗಾಳವನ್ನು ಕಟ್ಟಬೇಡ ಎಂಬುದು ಈ ಅನುಕ್ರಮದಲ್ಲಿಯೇ ಅಡಗಿದೆ. ಇಂಗ್ಲೆಂಡಿನಲ್ಲಿ ಗಾಳದ ಮೊದಲ ಮುದ್ರಿತ ಪುಸ್ತಕ ಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಕೃತಿ 1653ರದು. ಮಾನಸೋಲ್ಲಾಸ ಶತಮಾನಗಳಷ್ಟು ಹಿಂದಿನದು. ಬರೋಡದ ಗಾಯಕವಾಡ ಮಾಲೆಯಲ್ಲಿ ಅದರ ಮೊದಲ ಸಂಪುಟ ಹೊರಬಂದದ್ದು 1925ರಲ್ಲಿ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಒಂದು ಅಧ್ಯಾಯವನ್ನೇ ಎತ್ತಿಕೊಂಡು ಪ್ರಬಂಧವನ್ನು ಬರೆದರು. ಅಲ್ಲಿಯವರೆಗೆ ಅದನ್ನು ಮೀನು ಬಲ್ಲವರು ಓದಿರಲಿಲ್ಲ. ಓದಿದ ಪಂಡಿತರು ಮೀನು ಬಲ್ಲವರಲ್ಲ.

ಇಲ್ಲಿ ನನ್ನನ್ನು ಕಾಡುವ ಒಂದು ಪ್ರಶ್ನೆಯಿದೆ. ಈ ವಿವರಗಳನ್ನು ಅರಸ ಯಾರಿಂದ ತಿಳಿದ? ಅರಮನೆಯ ಕೊಳದ ದಡದಲ್ಲಿ ಕುಳಿತವನಿಗೆ ಕಡಲಿನ ಮೀನಿನ ಆಹಾರ ಗೊತ್ತಾಗುವುದಿಲ್ಲ. ದಾರವನ್ನು ಹೊಸೆದವನು, ಗಳುವನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿದವನು, ಹಿಟ್ಟನ್ನು ನಾದಿದವನು ಕನ್ನಡ ನಾಡಿನ ಬೆಸ್ತನೋ ಅಂಬಿಗನೋ ಆಗಿರಲೇಬೇಕು. ಅವನ ಮಾತು ಕನ್ನಡ. ಅದು ಅರಮನೆಯ ಹೊಸ್ತಿಲನ್ನು ದಾಟುವಾಗ ಸಂಸ್ಕೃತವಾಯಿತು. ಅವನ ಹೆಸರು ಹೊಸ್ತಿಲಾಚೆಯೇ ಉಳಿಯಿತು. ಶಾಸ್ತ್ರವನ್ನು ಕನ್ನಡದಲ್ಲಿ ಬರೆಯಬಾರದೆಂಬ ನಿಯಮವೇನೂ ಆಗ ಇರಲಿಲ್ಲ. ಸೋಮೇಶ್ವರನ ಚಿಕ್ಕಪ್ಪನೇ ಆದ ಕೀರ್ತಿವರ್ಮ ಗೋವೈದ್ಯವನ್ನು ಕನ್ನಡದಲ್ಲಿ ಬರೆದಿದ್ದ. ಅದಕ್ಕೂ ಮೊದಲು ಚಾವುಂಡರಾಯನ ಲೋಕೋಪಕಾರ ಬಂದಿತ್ತು. ಅದರಲ್ಲಿ ವೃಕ್ಷಾಯುರ್ವೇದವಿದೆ, ಅಡುಗೆಯಿದೆ, ಅಂತರ್ಜಲವನ್ನು ಕಾಣುವ ವಿದ್ಯೆಯಿದೆ. ಗಾಳಕ್ಕೆ ಒಂದು ಅಧ್ಯಾಯವಿಲ್ಲ. ಕನ್ನಡದಲ್ಲಿ ಬರೆಯಬಲ್ಲವರಿಗೆ ಗಾಳ ಹೇಸಿಗೆ. ಗಾಳ ಬಲ್ಲವರಿಗೆ ಬರಹವಿಲ್ಲ. ಈ ನಷ್ಟ ಭಾಷೆಯದೂ ಹೌದು.

ಏಳೂವರೆ ಶತಮಾನದ ನಂತರವೂ ಕತೆ ಬಹಳ ಬದಲಾಗಲಿಲ್ಲ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತ ಭಾರತದ ಗಾಳವನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಅದರ ನಾಯಕ ಮಹಶೀರ್, ನಮ್ಮ ಕಾವೇರಿಯವರ ಬಿಳಿಮೀನು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಪಿಲೆಯಲ್ಲಿ 120 ಪೌಂಡು, ಎಂದರೆ 54 ಕಿಲೋ ತೂಗುವ ಮಹಶೀರನ್ನು ಹಿಡಿದರು. 1978ರಲ್ಲಿ ಇಂಗ್ಲೆಂಡಿನಿಂದ ಬಂದ ತರುಣರ ತಂಡ ಕಾವೇರಿಯಲ್ಲಿ 92 ಪೌಂಡಿನ ಮೀನನ್ನು ಹಿಡಿದಾಗ, ಸತ್ತೇಹೋಯಿತೆಂದುಕೊಂಡಿದ್ದ ಆ ಕ್ರೀಡೆಗೆ ಮತ್ತೆ ಜೀವ ಬಂತು. ಭೀಮೇಶ್ವರಿಯ ದಡದಲ್ಲಿ ವಿದೇಶದ ಗಳು, ವಿದೇಶದ ರಾಟೆ, ವಿದೇಶದ ದಾರ. ಗಾಳದ ತುದಿಯಲ್ಲಿ ಮಾತ್ರ ರಾಗಿಮುದ್ದೆ! ಹಿಟ್ಟನ್ನು ಗಟ್ಟಿಯಾಗಿ ನಾದಿ, ಬೇಯಿಸಿ, ಉಂಡೆ ಕಟ್ಟಿ, ಪ್ರವಾಹಕ್ಕೆ ಕರಗದಂತೆ ಸಿದ್ಧಪಡಿಸುತ್ತಿದ್ದವರು ಆ ದಡದ ಹಳ್ಳಿಗರು. ಛಾಯಾಚಿತ್ರದಲ್ಲಿ ಮೀನನ್ನು ಎತ್ತಿ ಹಿಡಿದವರು ಬೇರೆಯವರು. ಸೋಮೇಶ್ವರನ ಹಿಟ್ಟಿನ ಉಂಡೆಗೂ ಇದಕ್ಕೂ ಎಷ್ಟು ದೂರ?

ಜೀವಂತ ಎರೆಯ ವಿದ್ಯೆ ಅದರ ಮಹಾರೂಪವನ್ನು ತಾಳುವುದು ಅಟ್ಲಾಂಟಿಕ್ ಸಾಗರದಲ್ಲಿ. ಅಲ್ಲಿನ ನೀಲಿ ರೆಕ್ಕೆಯ ಟ್ಯೂನಾ ಮೀನು ಎತ್ತಿಗಿಂತಲೂ ಭಾರವಾಗಿ ಬೆಳೆಯಬಲ್ಲದು. 1979ರಲ್ಲಿ ಕೆನಡಾದ ನೋವಾ ಸ್ಕಾಷಿಯಾ ತೀರದಲ್ಲಿ ಗಾಳಕ್ಕೆ ಸಿಕ್ಕ ಒಂದು 679 ಕಿಲೋ ತೂಗಿತು. ಅದಕ್ಕೆ ಎರೆ ಜೀವಂತ ಬಂಗಡೆಯ ಜಾತಿಯ ಮೀನು. ಬೆನ್ನುಮೂಳೆಗೆ ತಾಗದಂತೆ ಬೆನ್ನಿನ ಮಾಂಸಕ್ಕೋ ಮೂಗಿಗೋ ಗಾಳವನ್ನು ಚುಚ್ಚಿ, ಅದು ನೀರಿನ ಮೇಲ್ಭಾಗದಲ್ಲಿಯೇ ಈಜುತ್ತಿರುವಂತೆ ದಾರವನ್ನು ಗಾಳಿಪಟಕ್ಕೋ ಬಲೂನಿಗೋ ತಗುಲಿಸುತ್ತಾರೆ. ಎಳೆತ ಮೀರಿದಾಗ ದಾರ ಹರಿಯದೆ ಬಿಚ್ಚಿಕೊಳ್ಳುವಂತೆ ರಾಟೆಗೆ ಬಿಗಿಯನ್ನು ಹೊಂದಿಸುತ್ತಾರೆ. ಸಾವಿರಾರು ಡಾಲರುಗಳ ಸಲಕರಣೆಯಿದು. ಆದರೆ ಎರೆ ಸಾಯಬಾರದು, ಸಹಜವಾಗಿ ಅಲುಗಬೇಕು, ಹಿಡಿಯುವವನ ಸುಳಿವು ಸಿಗಬಾರದು ಎಂಬ ಮೂರು ಮಾತುಗಳನ್ನು ನಾನು ಕೆರೆಯ ಏರಿಯ ಮೇಲೆ ಆಗಲೇ ಕೇಳಿದ್ದೆ.

ಕಪ್ಪೆಯ ಕಡೆಯಿಂದ ನೋಡಿದರೆ ಇದು ವಿನೋದವಲ್ಲ, ನಿಜ. ಆ ವೃದ್ಧನಿಗೂ ಅದು ವಿನೋದವಾಗಿರಲಿಲ್ಲ, ರಾತ್ರಿಯ ಸಾರಾಗಿತ್ತು. ವಿನೋದವೆಂಬ ಹೆಸರು ಅರಸನದು.

ಈಗ ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಡುತ್ತಾರೆ. ಕೆರೆ ಗುತ್ತಿಗೆಗೆ ಹೋಗುತ್ತದೆ. ಒಂದು ದಿನ ಬಲೆ ಬೀಳುತ್ತದೆ, ಲಾರಿ ಬರುತ್ತದೆ. ಮರಿಗಳನ್ನು ನುಂಗುವ ಕೊರವ ಗುತ್ತಿಗೆದಾರನಿಗೆ ಶತ್ರು. ಈಚೆಗೆ ಆ ಕಡೆ ಹೋಗಿದ್ದಾಗ ಏರಿಯ ಮೇಲೆ ಕುಳಿತಿದ್ದ ಒಬ್ಬ ಹುಡುಗನನ್ನು ಎರೆ ಎಂದರೇನೆಂದು ಕೇಳಿದೆ. ಎರೆಗೊಬ್ಬರ, ಎಂದ. ಅಷ್ಟರಲ್ಲಿ ಜೊಂಡಿನ ಬಳಿ ನೀರು ಒಮ್ಮೆ ಬುಳಕ್ಕೆಂದು ಒಡೆಯಿತು. ಗಾಳಿಗೆ ಬಂದ ಕೊರವವೇ ಇರಬೇಕು. ಇಬ್ಬರೂ ಆ ಕಡೆ ನೋಡಿದೆವು.